ಯುಕುಲೆಲೆ: ಮೇಲಿನ ಜಿ ತಂತಿಗೆ ಶ್ರುತಿಯ ಕೆಲಸ ಕೊಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಯುಕುಲೆಲೆಯವು, ಅಂದರೆ ಗಿಟಾರಿನಂಥ ನಾಲ್ಕು ತಂತಿಯ ಸಣ್ಣ ವಾದ್ಯದವು. ಸ್ಟ್ರಮ್ ಕಲಿತಾಯಿತು, ಮುಂದೇನು ಎಂಬುದೇ ಬಹಳಷ್ಟು ಜನರ ಪ್ರಶ್ನೆ. ಉತ್ತರ ಓದುವ ಮೊದಲು ಎರಡು ಮಾತು. ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಜಿ, ಸಿ, ಇ, ಎ ಎಂಬ ಕ್ರಮದಲ್ಲಿ ಹೇಳಿದ್ದೇವೆ. 0-0-0-3 ಎಂದು ಬರೆದಿದ್ದರೆ ಮೊದಲ ಮೂರು ತಂತಿ ಖುಲ್ಲಾ (ಎಡಗೈ ಬೆರಳಿಲ್ಲದೆ), ಎ ತಂತಿಯಲ್ಲಿ ಮೂರನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಎಂದು ತಿಳಿಯಿರಿ. ಬೇರೆ ಹೇಳದ ಕಡೆಯೆಲ್ಲ ಸಾ ಎಂದರೆ ಸಿ, ಅಂದರೆ ಪೇಟಿಯ (ಹಾರ್ಮೋನಿಯಂ) ಬಿಳಿ 1.

ಪ್ರಶ್ನೆ: ನಾ ಸಿ, ಎ ಮೈನರ್, ಎಫ್, ಜಿ ನಾಲ್ಕೂ ಕಾರ್ಡ್ ಹಿಡೀತೀನ್ರಿ. ಡೌನ್, ಡೌನ್-ಅಪ್, ಅಪ್-ಡೌನ್-ಅಪ್ ಸ್ಟ್ರಮ್ಮೂ ಕೈಗೆ ಕುಂತೈತಿ. ಆದ್ರ ಯಾವ ಹಾಡು ನುಡಿಸಿದ್ರೂ ಒಂದ ನಮೂನಿ ಕೇಳಸ್ತೈತಿ. ವಿಡಿಯೊದಾಗ ಕೆಲವ್ರು ಕಾರ್ಡ್ ಬದಲಿ ಮಾಡದನ, ಹಿಂದ ಒಂದ ಸ್ವರ ಹಿಡದು ಚಲೋ ನುಡಸ್ತಾರ. ಡ್ರೋನ್ ಅಂತಾರ ಅದಕ್ಕ. ಎಲ್ಲಿಂದ ಶುರು ಮಾಡಬೇಕ್ರಿ?
— ಕಾಲೇಜು ವಿದ್ಯಾರ್ಥಿ, ಗೋಕಾಕ

ಉತ್ತರ: ತೊಂದರೆ ಇರುವುದು ನಿಮ್ಮ ಬಲಗೈಯಲ್ಲಿ. ಪ್ರತಿ ಹೊಡೆತಕ್ಕೂ ನಾಲ್ಕೂ ತಂತಿ ಒಟ್ಟಿಗೆ, ಒಂದೇ ಜೋರಿನಲ್ಲಿ ನುಡಿಯುತ್ತಿವೆ. ಹಾಡು ಹೇಳುವ ತಂತಿ ಯಾವುದು, ಅದಕ್ಕೆ ಆಸರೆಯಾಗಿ ಶ್ರುತಿ (ನೀವು ಹೇಳಿದ ಡ್ರೋನ್) ಕೊಡುವ ತಂತಿ ಯಾವುದು ಎಂದು ಕಿವಿಗೆ ಗೊತ್ತೇ ಆಗುವುದಿಲ್ಲ. ಈ ಎರಡು ಕೆಲಸಗಳನ್ನು ಬೇರೆ ಮಾಡಿದರೆ ಸಾಕು, ಅದೇ ವಾದ್ಯ ಬೇರೆಯಾಗಿ ಕೇಳಿಸುತ್ತದೆ.

ಯುಕುಲೆಲೆಯ ಕಟ್ಟಣೆಯೇ ಇದಕ್ಕೆ ಅನುಕೂಲವಾಗಿದೆ. ಗಿಟಾರಿನಲ್ಲಿ ಎಲ್ಲಕ್ಕಿಂತ ಮೇಲಿನ ತಂತಿ ಎಲ್ಲಕ್ಕಿಂತ ದಪ್ಪದ್ದು, ಕೆಳಸ್ವರದ್ದು. ಯುಕುಲೆಲೆಯಲ್ಲಿ ಹಾಗಿಲ್ಲ. ಮೇಲಿನ ಜಿ 392 ಹರ್ಟ್ಸ್, ಅದರ ಕೆಳಗಿನ ಸಿ 262 ಹರ್ಟ್ಸ್. ಸಿ ತಂತಿಯನ್ನು ಸಾ ಎಂದುಕೊಂಡರೆ ಜಿ ಪಂಚಮ, ಇ ಶುದ್ಧ ಗಾಂಧಾರ, ಎ ಶುದ್ಧ ಧೈವತ. ಸಾ-ಪ ಜೋಡಿ ನೇರ ಹೆಬ್ಬೆರಳಿನ ಕೆಳಗೇ ಇದೆ. ಐದು ತಂತಿಯ ಬ್ಯಾಂಜೊದಲ್ಲಿಯೂ ಹೆಬ್ಬೆರಳ ಬಳಿ ಇಂಥದೇ ಒಂದು ಎತ್ತರದ ಸ್ವರದ ಗಿಡ್ಡ ತಂತಿಯಿದೆ. ಆ ವಾದ್ಯದ ಓಟವೆಲ್ಲ ಅದರ ಮೇಲೆ ನಿಂತದ್ದು. ಯುಕುಲೆಲೆ ಕಲಿಸುವವರು ಮಾತ್ರ ಜಿ ತಂತಿಯನ್ನು ಕಾರ್ಡಿನ ಒಂದು ಮೂಲೆಯಾಗಿ ಬಿಟ್ಟುಬಿಡುತ್ತಾರೆ. ಇದು ದೊಡ್ಡ ನಷ್ಟ.

ತಂಬೂರಿಯ ತಂತಿ ಲೋಹದ್ದು, ಒಮ್ಮೆ ಮೀಟಿದರೆ ನಾದ ಉಳಿಯುತ್ತದೆ. ಯುಕುಲೆಲೆಯ ನೈಲಾನ್ ತಂತಿಯ ನಾದ ಬೇಗ ಆರುತ್ತದೆ. ಆದ್ದರಿಂದ ಇಲ್ಲಿ ಶ್ರುತಿ ಹಿಡಿಯಬೇಕೆಂದರೆ ಮತ್ತೆ ಮತ್ತೆ ಮೀಟಲೇಬೇಕು, ಆ ಮೀಟೇ ತಾಳವೂ ಆಗಬೇಕು. ನಮ್ಮ ಭಾಗದಲ್ಲಿ ಇದಕ್ಕೆ ಸರಿಯಾದ ಮಾದರಿ ಲಾವಣಿ ಮತ್ತು ಗೀಗೀ ಮೇಳದ ತುಂತುಣಿ. ಒಂದು ತಂತಿ, ಒಂದು ಸ್ವರ. ಡಪ್ಪಿನ ಜೊತೆ ಸ್ವರವನ್ನೂ ಹಿಡಿದಿರುತ್ತದೆ, ಲಯವನ್ನೂ ನಡೆಸುತ್ತದೆ. ಮುಂದೆ ಲಾವಣಿ ಕೇಳುವಾಗ ಹಾಡಿನ ಮಾತನ್ನು ಸ್ವಲ್ಪ ಹೊತ್ತು ಬಿಟ್ಟು ತುಂತುಣಿಯವರ ಬೆರಳಿಗೆ ಕಿವಿಗೊಡಿ. ಚೌಡಿಕೆಯನ್ನು ಮಾದರಿ ಮಾಡಿಕೊಳ್ಳಬೇಡಿ. ಅದರಲ್ಲಿ ತಂತಿಯ ಬಿಗಿಯನ್ನೇ ಬದಲಿಸಿ ಸ್ವರ ಏರಿಳಿಸುತ್ತಾರೆ, ಅದು ಬೇರೆಯದೇ ವಿದ್ಯೆ.

ಈಗ ಅಭ್ಯಾಸ. ಎಡಗೈ ಬಿಟ್ಟುಬಿಡಿ. ಬಲಗೈ ಹೆಬ್ಬೆರಳಿನ ಮಾಂಸದ ಭಾಗದಿಂದ ಜಿ ತಂತಿಯನ್ನು ಕೆಳಕ್ಕೆ ಒತ್ತಿ ಮೀಟಿ. ಬೆರಳು ಹೋಗಿ ಸಿ ತಂತಿಯ ಮೇಲೆ ನಿಲ್ಲಲಿ. ಅಲ್ಲಿಂದ ಸಿ ಮೀಟಿ. ಬೆರಳು ಇ ತಂತಿಯ ಮೇಲೆ ಕೂತುಕೊಳ್ಳಲಿ. ಗಾಳಿಯಲ್ಲಿ ಎತ್ತಬೇಡಿ. ಹೀಗೆ ಕೂರಿಸಿದರೆ ಎರಡು ಲಾಭ: ಇ ತಂತಿ ಬೇಡದಾಗ ನುಡಿಯುವುದಿಲ್ಲ, ಮತ್ತು ಕಣ್ಣು ಮುಚ್ಚಿದರೂ ಮುಂದಿನ ತಂತಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಿರುತ್ತದೆ. ಪ-ಸಾ, ಪ-ಸಾ ಎಂದು ಮೆಟ್ರೊನೋಮನ್ನು 60ಕ್ಕೆ ಇಟ್ಟು, ಒಂದು ಟಿಕ್‌ಗೆ ಒಂದು ಮೀಟು. ಐದು ನಿಮಿಷ ಒಂದೇ ಜೋರಿನಲ್ಲಿ ಬರುವವರೆಗೆ ಮುಂದೆ ಹೋಗಬೇಡಿ. ಬೇಸರ ಬರುವ ಅಭ್ಯಾಸ ಇದು, ಆದರೆ ಇದಕ್ಕೆ ಬದಲಿ ಇಲ್ಲ.

ಆಮೇಲೆ ಎ ತಂತಿಯನ್ನು ತೋರುಬೆರಳಿನಿಂದ ಮೇಲಕ್ಕೆ ಮೀಟುವುದನ್ನು ಸೇರಿಸಿ. ಹೆಬ್ಬೆರಳು ಪ, ಸಾ ಎನ್ನುತ್ತಿರಲಿ. ಸಾ ಬಿದ್ದ ಹೊತ್ತಿಗೇ ಎ ತಂತಿಯೂ ನುಡಿಯಲಿ. ಎಡಗೈ ಎ ತಂತಿಯಲ್ಲಿ 0, 3, 5, 7, ಮತ್ತೆ 5, 3, 0 ಎಂದು ನಡೆಯಲಿ. ಅದು ಧ, ತಾರ ಸಾ, ರೇ, ಗ. ಭೂಪ ರಾಗದ ಸ್ವರಗಳು ಇವು. ಮೊದಲ ಅಭ್ಯಾಸಕ್ಕೆ ಭೂಪವನ್ನೇ ಹೇಳುವುದಕ್ಕೆ ಕಾರಣವಿದೆ: ಯುಕುಲೆಲೆಯ ನಾಲ್ಕೂ ಖುಲ್ಲಾ ತಂತಿಗಳು (ಪ, ಸಾ, ಗ, ಧ) ಆ ರಾಗದ ಸ್ವರಗಳೇ. ಬೆರಳು ತಪ್ಪಿ ಯಾವ ಖುಲ್ಲಾ ತಂತಿ ತಾಗಿದರೂ ಅಪಸ್ವರ ಬರುವುದಿಲ್ಲ. ಕೆಳಗಿನ ಸಪ್ತಕದಲ್ಲಿ ನುಡಿಸಬೇಕೆಂದರೆ ಸಿ 0, ಸಿ 2, ಇ 0, ಇ 3, ಎ 0, ಎ 3. ಇಲ್ಲಿ ರಿಷಭ ಸಿ ತಂತಿಯಲ್ಲೇ ಬರುವುದರಿಂದ ಆ ಗಳಿಗೆಗೆ ಸಾ ಕಾಣೆಯಾಗುತ್ತದೆ. ಆಗ ಜಿ ತಂತಿಯೊಂದೇ ಶ್ರುತಿ ಹಿಡಿಯಬೇಕು. ಅದಕ್ಕಾಗಿಯೇ ಜಿ ತಪ್ಪದಂತೆ ಹೆಬ್ಬೆರಳನ್ನು ಮೊದಲು ಪಳಗಿಸಿರುವುದು.

ಪ್ರಶ್ನೆ: ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹೆಚ್ಚಿನ ಪದಗಳು ಕೆಹರವಾ, ಕೆಲವು ದಾದರಾ. ಯುಕುಲೆಲೆಯ ಸ್ಟ್ರಮ್ ತಬಲಾ ಜೊತೆ ಜಗಳ ಆಡಿದಂತೆ ಆಗುತ್ತದೆ. ತಾಳಕ್ಕೆ ಹೇಗೆ ಕೂರಿಸುವುದು?
— ಜಮಖಂಡಿ

ಉತ್ತರ: ಸ್ಟ್ರಮ್ ಪೂರ್ತಿ ಬಿಟ್ಟುಬಿಡಿ. ತಬಲಾದ ಬೋಲುಗಳನ್ನೇ (ಪೆಟ್ಟಿನ ಅಕ್ಷರಗಳನ್ನೇ) ತಂತಿಗೆ ಹಂಚಿ. ಸಿ ತಂತಿ ಡಗ್ಗಾ (ಎಡಗೈಯ ದಪ್ಪ ದನಿ), ಜಿ ತಂತಿ ‘ನಾ’, ಇ ಮತ್ತು ಎ ಉಳಿದ ಚಿಕ್ಕ ಪೆಟ್ಟುಗಳು ಎಂದಿಟ್ಟುಕೊಳ್ಳಿ.

ಕೆಹರವಾದ ಎಂಟು ಮಾತ್ರೆ ನಿಮಗೆ ಗೊತ್ತೇ ಇದೆ: ಧಾ ಗೆ ನಾ ತಿ, ನಾ ಕ ಧಿ ನಾ. ಒಂದನೇ ಮಾತ್ರೆ ಧಾ: ಹೆಬ್ಬೆರಳು ಸಿ, ತೋರುಬೆರಳು ಎ, ಎರಡೂ ಒಟ್ಟಿಗೆ. ಎರಡನೆಯ ಗೆ: ಸಿ ಮಾತ್ರ, ಅರ್ಧ ಜೋರು. ಮೂರನೆಯ ನಾ: ಜಿ. ನಾಲ್ಕನೆಯ ತಿ: ಇ ತಂತಿ, ತೋರುಬೆರಳಿನಿಂದ ಮೇಲಕ್ಕೆ. ಐದನೆಯದು ಖಾಲಿ (ಡಗ್ಗಾ ನುಡಿಯದ ಮಾತ್ರೆ), ಅಲ್ಲಿ ನಾ: ಜಿ ಮಾತ್ರ, ಸಿ ಖಂಡಿತ ಬೇಡ. ಆರನೆಯ ಕ: ತೋರುಬೆರಳು, ನಡುಬೆರಳು ಎರಡನ್ನೂ ಇ ಮತ್ತು ಎ ತಂತಿಗಳ ಮೇಲೆ ತಟ್ಟನೆ ಇಟ್ಟು ನಾದ ನಿಲ್ಲಿಸಿ. ಏಳನೆಯ ಧಿ: ಸಿ, ಇ ಒಟ್ಟಿಗೆ. ಎಂಟನೆಯ ನಾ: ಜಿ.

ಇದರಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಖಾಲಿ. ಸ್ಟ್ರಮ್ ಮಾಡಿ ರೂಢಿಯಾದ ಕೈ ಐದನೇ ಮಾತ್ರೆಯಲ್ಲಿಯೂ ಜೋರಾಗಿ ಬೀಳುತ್ತದೆ, ಸಮ್ (ತಾಳದ ಮೊದಲ ಮಾತ್ರೆ) ಯಾವುದು ಖಾಲಿ ಯಾವುದು ತಿಳಿಯದಂತಾಗುತ್ತದೆ. ತಬಲಾ ಜೊತೆ ನೀವು ಹೇಳಿದ ಜಗಳ ಬಹುಮಟ್ಟಿಗೆ ಇಲ್ಲಿಯೇ ಹುಟ್ಟುತ್ತದೆ. ಡಗ್ಗಾ ಸುಮ್ಮನಿರುವಾಗ ಸಿ ತಂತಿಯೂ ಸುಮ್ಮನಿರಬೇಕು. ಎರಡನೆಯದು ಆರನೇ ಮಾತ್ರೆಯ ‘ಕ’. ಅಂಗೈ ಪೂರ್ತಿ ಒರಗಿಸಿ ನಾಲ್ಕೂ ತಂತಿ ಮುಚ್ಚಿದರೆ ಶ್ರುತಿ ಕಡಿಯುತ್ತದೆ. ಕೆಳಗಿನ ಎರಡನ್ನೇ ಮುಚ್ಚಿ. ಮೇಲಿನ ಜಿ, ಸಿ ಮೊಳಗುತ್ತಲೇ ಇರಲಿ. ಪೆಟ್ಟು ಕೇಳಿಸಬೇಕು, ಸ್ವರ ನಿಲ್ಲಬಾರದು.

ಜಿ ತಂತಿ ಬೀಳುವುದು 3, 5, 8ನೇ ಮಾತ್ರೆಗಳಲ್ಲಿ. ಭಜನೆಯ ಕೊನೆಗೆ ಲಯ ಏರಿದಾಗ ಬೆರಳು ಸಾಲುವುದಿಲ್ಲ. ಆಗ ಉಳಿದದ್ದೆಲ್ಲ ಬಿಟ್ಟು 1ಕ್ಕೆ ಸಿ, ಈ ಮೂರಕ್ಕೆ ಜಿ ಇಟ್ಟುಕೊಂಡರೂ ಕೆಹರವಾದ ನಡೆ ಉಳಿಯುತ್ತದೆ.

ದಾದರಾ ಸುಲಭ. ಧಾ ಧಿ ನಾ, ಧಾ ತಿ ನಾ: ಸಿ ಮತ್ತು ಎ ಒಟ್ಟಿಗೆ, ಸಿ, ಜಿ, ಆಮೇಲೆ ಎ ಮಾತ್ರ, ಇ, ಜಿ. ಬಾಯಲ್ಲಿ ಬೋಲ್ ಹೇಳುತ್ತಲೇ ನುಡಿಸಿ. ಬಾಯಿಗೆ ಬಾರದ ಬೋಲ್ ಬೆರಳಿಗೂ ಬರುವುದಿಲ್ಲ.

ಪ್ರಶ್ನೆ: ನಾನು ಸಿನಿಮಾ ಹಾಡು, ಭಾವಗೀತೆಗೆ ಕಾರ್ಡ್ ಹಿಡಿಯುತ್ತೇನೆ. ಒಂದೇ ರಾಗದ ಮೇಲೆ ಕೂರುವುದಲ್ಲ. ಕಾರ್ಡ್ ಬದಲಾಗುತ್ತಿದ್ದರೂ ಡ್ರೋನ್ ಇಡಬಹುದೇ?
— ಟಿಳಕವಾಡಿ, ಬೆಳಗಾವಿ

ಉತ್ತರ: ಇಡಬಹುದು, ಮತ್ತು ಬೆರಳಿನ ಕೆಲಸ ಕಡಿಮೆಯೇ ಆಗುತ್ತದೆ. ಜಿ ತಂತಿಯನ್ನು ಯಾವಾಗಲೂ ಖುಲ್ಲಾ ಬಿಡಿ. ಸಿ ಕಾರ್ಡ್ 0-0-0-3 ಹಾಗೆಯೇ ಇರುತ್ತದೆ. ಎಫ್ 2-0-1-0ರಲ್ಲಿ ಜಿ ಮೇಲಿನ ಬೆರಳು ತೆಗೆದರೆ 0-0-1-0. ಎ ಮೈನರ್ 2-0-0-0ರಲ್ಲಿ ಇದ್ದ ಒಂದೇ ಬೆರಳನ್ನೂ ತೆಗೆದರೆ ನಾಲ್ಕೂ ಖುಲ್ಲಾ. ಡಿ ಮೈನರ್ 2-2-1-0 ಆಗುತ್ತದೆ 0-2-1-0. ಜಿ ಕಾರ್ಡ್ 0-2-3-2ರಲ್ಲಿ ಮೊದಲೇ ಖುಲ್ಲಾ ಇದೆ.

ಇನ್ನೊಂದು ದಾರಿ ಶ್ರುತಿಯನ್ನು ಮೇಲಿನ ಸ್ವರದಲ್ಲಿ ಇಡುವುದು. ಉಂಗುರ ಬೆರಳನ್ನು ಎ ತಂತಿಯ ಮೂರನೇ ಫ್ರೆಟ್ ಮೇಲೆ ಊರಿ, ಹಾಡು ಮುಗಿಯುವವರೆಗೂ ಎತ್ತಬೇಡಿ. ಸಿ 0-0-0-3, ಎ ಮೈನರ್ 2-0-0-3, ಎಫ್ 2-0-1-3, ಜಿ 0-2-3-3. ಕೊನೆಯದರಲ್ಲಿ ತಾರ ಸಾ ಸ್ವಲ್ಪ ಎಳೆದಂತೆ ಕೇಳಿಸುತ್ತದೆ. ಸಾಲಿನ ಕೊನೆಯ ಮಾತ್ರೆಯಲ್ಲಿ ಮಾತ್ರ 0-2-3-2ಕ್ಕೆ ಇಳಿದರೆ ಆ ಎಳೆತ ಸಡಿಲಾಗಿ ಬಹಳ ಚೆಂದ ಕೇಳುತ್ತದೆ. ಭಾವಗೀತೆಗೆ ನಮಗೆ ಈ ಎರಡನೇ ದಾರಿಯೇ ಹೆಚ್ಚು ಇಷ್ಟ.

ಎಲ್ಲಿ ಒಗ್ಗುವುದಿಲ್ಲ? ಡಿ ಮೇಜರ್ 2-2-2-0ರಲ್ಲಿ ಇ ತಂತಿಯ ಎರಡನೇ ಫ್ರೆಟ್‌ನ ಸ್ವರಕ್ಕೂ ಖುಲ್ಲಾ ಜಿಗೂ ಅರ್ಧ ಸ್ವರದ ಅಂತರ, ಎರಡೂ ಒಂದೇ ಸಪ್ತಕದಲ್ಲಿ ಒರೆಸಿಕೊಂಡು ಕೆರೆಯುತ್ತವೆ. ಇ 7, ಅಂದರೆ 1-2-0-2ರಲ್ಲಿ ಮೇಜರ್ ಗುಣ ಕೊಡುವ ಸ್ವರ ಇರುವುದೇ ಜಿ ತಂತಿಯ ಒಂದನೇ ಫ್ರೆಟ್‌ನಲ್ಲಿ. ಅದನ್ನು ಖುಲ್ಲಾ ಬಿಟ್ಟರೆ ಕಾರ್ಡ್ ಮೈನರ್ ಕಡೆಗೆ ಹೊರಳುತ್ತದೆ. ಈ ಎರಡು ಕಾರ್ಡ್ ಬಂದಾಗ ಒಂದು ಸುತ್ತು ಶ್ರುತಿ ಬಿಟ್ಟು ಮತ್ತೆ ಹಿಡಿಯಿರಿ.

ಪ್ರಶ್ನೆ: ಟ್ಯೂನರ್‌ನಾಗ ನಾಲ್ಕೂ ತಂತಿಗೆ ಹಸಿರು ಬರ್ತದ. ಸ್ಟ್ರಮ್ ಹೊಡದ್ರ ಛಲೋ ಅದ. ಆದ್ರ ಶ್ರುತಿ ಹಿಡದು ನುಡಸಾಕ ಹೋದ್ರ ಎಲ್ಲೋ ಹುಳಿ ಕೇಳಸ್ತದ. ವಾದ್ಯಾನ ಖರಾಬ ಅದ ಏನ್ರಿ?
— ವಿಜಯಪುರ

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. ಸ್ಟ್ರಮ್‌ನಲ್ಲಿ ಕಾರ್ಡ್ ಗಳಿಗೆಗೊಮ್ಮೆ ಬದಲಾಗುವುದರಿಂದ ಸಣ್ಣ ದೋಷ ಮುಚ್ಚಿಹೋಗುತ್ತದೆ. ಒಂದೇ ಸ್ವರ ನಿಂತಲ್ಲೇ ನಿಂತಾಗ ಅದರ ಎದುರು ಎಲ್ಲ ತಪ್ಪೂ ಬಯಲಾಗುತ್ತದೆ.

ಟ್ಯೂನರ್ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಅಳೆಯುತ್ತದೆ. ಆ ಲೆಕ್ಕದ ಪಂಚಮ ಸಹಜ ಪಂಚಮಕ್ಕಿಂತ 2 ಸೆಂಟ್‌ನಷ್ಟು ಮಾತ್ರ ಕಡಿಮೆ (ಅರ್ಧ ಸ್ವರದ ನೂರನೇ ಒಂದು ಪಾಲೇ ಒಂದು ಸೆಂಟ್). ಸಿ, ಜಿ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಸುಮಾರು ಒಂದು ಅಲೆ ಏಳುತ್ತದೆ. ಯುಕುಲೆಲೆಯ ನಾದ ಬೇಗ ಆರುವುದರಿಂದ ಅದು ಬಹುಮಟ್ಟಿಗೆ ಗೊತ್ತಾಗುವುದಿಲ್ಲ. ಗಾಂಧಾರದ ಕಥೆ ಹಾಗಲ್ಲ. ಟ್ಯೂನರ್‌ನ ಇ ಸಹಜ ಗಾಂಧಾರಕ್ಕಿಂತ 14 ಸೆಂಟ್ ಏರು. ಸಿ ಜೊತೆ ಅದನ್ನು ನುಡಿಸಿದರೆ ಸೆಕೆಂಡಿಗೆ ಹತ್ತರಷ್ಟು ಅಲೆ. ನೀವು ಹುಳಿ ಎಂದದ್ದು ಇದನ್ನೇ.

ಮದ್ದು ಸುಲಭ. ಸಿ, ಜಿ ಎರಡನ್ನೂ ಟ್ಯೂನರ್‌ಗೆ ಸರಿ ಮಾಡಿ. ಆಮೇಲೆ ಸಿ ಮತ್ತು ಇ ಒಟ್ಟಿಗೆ ಮೀಟುತ್ತ ಇ ತಂತಿಯ ಕಿವಿಯನ್ನು (ಬಿಗಿ ಮಾಡುವ ತಿರುಪನ್ನು) ಕೂದಲೆಳೆಯಷ್ಟೇ ಇಳಿಸುತ್ತ ಬನ್ನಿ. ನಡುಗುವ ನಾದ ನಿಧಾನವಾಗುತ್ತ ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿ ಬಿಡಿ. ಇಳಿಸುತ್ತ ಜಾಸ್ತಿ ಕೆಳಗೆ ಹೋದರೆ, ಇನ್ನೂ ಕೆಳಗೆ ಬಿಟ್ಟು ಮತ್ತೆ ಏರಿಸುತ್ತ ಬಂದು ನಿಲ್ಲಿಸಿ. ಏರಿಸಿ ನಿಲ್ಲಿಸಿದ ತಂತಿ ಜಾರುವುದಿಲ್ಲ. ಆದರೆ ಒಂದು ಎಚ್ಚರ. ಇ ಇಳಿಸಿದ ಮೇಲೆ ಅದರ ಮೂರನೇ ಫ್ರೆಟ್‌ನ ಪಂಚಮವೂ ಅಷ್ಟೇ ಇಳಿದಿರುತ್ತದೆ, ಖುಲ್ಲಾ ಜಿ ಎದುರು ಅದು ಬೆಸೂರು ಆಗುತ್ತದೆ. ಖುಲ್ಲಾ ಗಾಂಧಾರ ಮೊಳಗುವ ಹಾಡಿಗೆ ಮಾತ್ರ ಇಳಿಸಿ. ಇ ತಂತಿಯಲ್ಲಿ ಬೆರಳಿಟ್ಟು ಹಾಡು ನುಡಿಸುವಿರಾದರೆ ಟ್ಯೂನರ್ ಹೇಳಿದಲ್ಲಿಯೇ ಇರಲಿ.

ಇದಾದ ಮೇಲೂ ಹುಳಿ ಉಳಿದರೆ ವಾದ್ಯ ಪರೀಕ್ಷಿಸಿ. ಪ್ರತಿ ತಂತಿಯ 1, 2, 3ನೇ ಫ್ರೆಟ್ ಟ್ಯೂನರ್‌ನಲ್ಲಿ ನೋಡಿ. ಅಲ್ಲಿ ಏರು ಬಂದು 12ರಲ್ಲಿ ಸರಿಯಿದ್ದರೆ ತಲೆಯ ಕಡೆಯ ನಟ್‌ನ ಗಾಡಿಗಳು (ತಂತಿ ಕೂರುವ ಸೀಳುಗಳು) ಆಳ ಸಾಲದು. ಒತ್ತುವಾಗ ತಂತಿ ಎಳೆದು ಏರುತ್ತಿದೆ. ಮೂರನೇ ಫ್ರೆಟ್ ಒತ್ತಿ ಹಿಡಿದು ಒಂದನೇ ಫ್ರೆಟ್ ಮೇಲೆ ನೋಡಿ: ತಂತಿಗೂ ಫ್ರೆಟ್‌ಗೂ ನಡುವೆ ಒಂದು ಕಾಗದ ತೂರುವಷ್ಟೇ ಸಂದು ಇರಬೇಕು. ಹೆಚ್ಚಿದ್ದರೆ ರಿಪೇರಿಯವರಿಂದ ಕಾನಸು (ಅರ) ಹೊಡೆಸಿ; ಮನೆಯಲ್ಲಿ ಬ್ಲೇಡು ಹಾಕಬೇಡಿ, ಗಾಡಿ ಜಾಸ್ತಿ ಆಳವಾದರೆ ತಂತಿ ಫ್ರೆಟ್‌ಗೆ ಬಡಿದು ಕಿರಗುಡುತ್ತದೆ. 12ರಲ್ಲಿಯೂ 10 ಸೆಂಟ್‌ಗಿಂತ ಹೆಚ್ಚು ಏರಿದರೆ ಮೊದಲು ತಂತಿ ಬದಲಿಸಿ ನೋಡಿ.

ಪೇಟಿ ಜೊತೆ ನುಡಿಸುವಾಗ ಟ್ಯೂನರ್ ಪಕ್ಕಕ್ಕಿಡಿ. ಹಳೆಯ ಪೇಟಿಗಳ ಶ್ರುತಿ ಟ್ಯೂನರ್‌ನ 440ಕ್ಕೆ (ಎ ಸ್ವರದ ಹರ್ಟ್ಸ್) ಕೂಡಿಯೇ ಇರುತ್ತದೆ ಎನ್ನಲಾಗದು. ಅದರ ಸಾ ಕೇಳಿ ಸಿ, ಅದರ ಪ ಕೇಳಿ ಜಿ ಮಾಡಿಕೊಳ್ಳಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ತಂಬೂರಿಯ ಶ್ರುತಿ ಕೂಡಿಸುವುದಕ್ಕೆ ಎಷ್ಟು ಬೆಲೆ ಕೊಡುತ್ತಿದ್ದರೆಂಬುದು ಸಂಗೀತ ಬಲ್ಲವರಿಗೆಲ್ಲ ಗೊತ್ತು. ನಾಲ್ಕು ತಂತಿಯ ಸಣ್ಣ ವಾದ್ಯಕ್ಕೂ ಅಷ್ಟೇ ಬೆಲೆ ಕೊಡಬೇಕು.

ಪ್ರಶ್ನೆ: ನಮ್ಮ ಅಕ್ಕ ವಚನ, ದಾಸರ ಪದ ಹಾಡುತ್ತಾರೆ. ಅವರ ಶ್ರುತಿ ಪೇಟಿಯ ಕಾಳಿ 4 (ನಾಲ್ಕನೇ ಕಪ್ಪು ಮನೆ), ಕೆಲವೊಮ್ಮೆ ಕಾಳಿ 5. ನನ್ನ ಯುಕುಲೆಲೆಯ ಸಿ-ಜಿ ಜೋಡಿ ಅವರಿಗೆ ಹೊಂದುವುದೇ ಇಲ್ಲ.
— ನವನಗರ, ಬಾಗಲಕೋಟೆ

ಉತ್ತರ: ಗಂಡಸರ ಕಾಳಿ 1ಕ್ಕೆ ಒಂದನೇ ಫ್ರೆಟ್‌ನಲ್ಲಿ ಕೇಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಚಿಮಟಿ) ಹಾಕಿದರೆ ಮುಗಿಯಿತು, ಕಾಳಿ 2ಕ್ಕೆ ಮೂರನೇ ಫ್ರೆಟ್. ಹೆಣ್ಣುಮಕ್ಕಳ ಕಾಳಿ 4ಕ್ಕೆ ಸಿ ತಂತಿಯನ್ನು ಸಾ ಮಾಡಿ ಪ್ರಯೋಜನವಿಲ್ಲ, ಕೇಪೊ ಎಂಟನೇ ಫ್ರೆಟ್‌ಗೆ ಹೋಗಬೇಕಾಗುತ್ತದೆ. ಜಿ ತಂತಿಯನ್ನೇ ಸಾ ಮಾಡಿಕೊಳ್ಳಿ. ಆಗ ಸಿ ಮಧ್ಯಮ ಆಗುತ್ತದೆ. ಪಂಚಮ ಬೇಕಾದ ಪದಕ್ಕೆ ಸಿ ತಂತಿಯನ್ನು ಎರಡು ಅರ್ಧಸ್ವರ ಏರಿಸಿ ಡಿ ಮಾಡಿ. ಈಗ ಮೇಲಿನ ಎರಡು ಖುಲ್ಲಾ ತಂತಿಗಳು ಸಾ-ಪ. ಕೇಪೊ ಒಂದರಲ್ಲಿ ಹಾಕಿದರೆ ಕಾಳಿ 4, ಮೂರರಲ್ಲಿ ಹಾಕಿದರೆ ಕಾಳಿ 5.

ಹಾಡು ಇ, ಎ ತಂತಿಗಳಲ್ಲಿ. ಕೇಪೊದಿಂದ ಎಣಿಸಿದರೆ ಇ ತಂತಿಯ 3 ಸಾ. ಎ ತಂತಿಯ 0 ರೇ, 2 ಗ, 3 ಮ, 5 ಪ, 7 ಧ, 9 ನಿ, 10 ಸಾ. ಎಡಗೈ ಪೂರ್ತಿ ಬಿಡುವಾಗಿರುವುದರಿಂದ ಮೇಲೆ ಕೆಳಗೆ ಓಡಾಡಬಹುದು.

ಸಿ ತಂತಿಯನ್ನು ಡಿಗೆ ಏರಿಸಿದರೆ ಬಿಗಿ ಸುಮಾರು ಶೇ 26 ಹೆಚ್ಚುತ್ತದೆ. ಸಣ್ಣ ಅಳತೆಯ ಸೊಪ್ರಾನೊ ಯುಕುಲೆಲೆ ಅದನ್ನು ತಡೆಯುತ್ತದೆ. ಟೆನರ್‌ನಲ್ಲಿ ತಂತಿ ಉದ್ದ, ಮೊದಲೇ ಬಿಗಿ. ಅದಕ್ಕೆ ಉಳಿದ ಮೂರನ್ನು ಇಳಿಸುವುದೇ ಒಳ್ಳೆಯದು. ಸಿ ಹಾಗೇ ಇರಲಿ, ಜಿಯನ್ನು ಎಫ್‌ಗೆ, ಇಯನ್ನು ಡಿಗೆ, ಎಯನ್ನು ಜಿಗೆ ಇಳಿಸಿ, ಕಾಳಿ 4ಕ್ಕೆ ಕೇಪೊ ಮೂರನೇ ಫ್ರೆಟ್‌ನಲ್ಲಿ.

ಇನ್ನೊಂದು ಮಾತು: ಮಾಮೂಲಿ ಜಿ ತಂತಿಯಲ್ಲಿ ಸಿಗುವ ಈ ಸಾ ನಿಮ್ಮ ಅಕ್ಕನವರ ತಾರ ಸಾ. ಹಾಡುವಾಗ ಆಸರೆ ಮೇಲಿನಿಂದ ಬಂದಂತೆ ಅನಿಸಬಹುದು. ಲೋ ಜಿ ತಂತಿ ಹಾಕಿದರೆ ಸರಿಯಾಗಿ ಅವರ ಮಧ್ಯ ಸಾ ಸಿಗುತ್ತದೆ. ಅದರ ಬಗ್ಗೆ ಮುಂದಿನ ಉತ್ತರ ನೋಡಿ.

ಪ್ರಶ್ನೆ: ಲೋ ಜಿ ಹಾಕಲೋ, ಹೈ ಜಿ ಇಡಲೋ?
— ಸಿಂದಗಿ

ಉತ್ತರ: ತಂಬೂರಿಯ ಗುಣ ಬೇಕಿದ್ದರೆ ಲೋ ಜಿ, ತುಂತುಣಿಯ ಗುಣ ಬೇಕಿದ್ದರೆ ಹೈ ಜಿ. ಲೋ ಜಿ 196 ಹರ್ಟ್ಸ್, ಸಿಗಿಂತ ಕೆಳಗಿನ ಮಂದ್ರ ಪಂಚಮ. ತಂಬೂರಿಯ ಮೊದಲ ತಂತಿಯೂ ಮಂದ್ರ ಪಂಚಮವೇ. ಕೂತು ಹಾಡುವ ನಿಧಾನದ ಪದಕ್ಕೆ ಅದು ಹಿತ. ಆದರೆ ತಾಳ ಕಚ್ಚುವುದು ಹೈ ಜಿಯಲ್ಲೇ. ಆ ಚುರುಕು ಲೋ ಜಿಯಲ್ಲಿ ಬರುವುದಿಲ್ಲ. ಲೋ ಜಿ ತಂತಿ ದಪ್ಪ, ಹಳೆಯ ಗಾಡಿಯಲ್ಲಿ ಪೂರ್ತಿ ಕೂರದಿದ್ದರೆ ಗಾಡಿ ಅಗಲ ಮಾಡಿಸಬೇಕಾಗುತ್ತದೆ. ಒಮ್ಮೆ ಅಗಲ ಮಾಡಿದ ಮೇಲೆ ಹೈ ಜಿ ಅದರಲ್ಲಿ ಅಲ್ಲಾಡುತ್ತದೆ. ಒಂದೇ ವಾದ್ಯವಿದ್ದರೆ ಹೈ ಜಿಯಲ್ಲೇ ಕಲಿಯಿರಿ.

ಪ್ರಶ್ನೆ: ಭೈರವಿಯಲ್ಲಿ ಒಂದು ಪದ ನುಡಿಸಲು ಹೋದೆ, ಖುಲ್ಲಾ ತಂತಿಗಳೆಲ್ಲ ಅಡ್ಡ ಬಂದವು. ಮಾಲಕಂಸದಲ್ಲಂತೂ ಪೂರಾ ಕೆಟ್ಟಿತು.
— ಇಳಕಲ್

ಉತ್ತರ: ಭೈರವಿಯಲ್ಲಿ ರೇ, ಗ, ಧ, ನಿ ನಾಲ್ಕೂ ಕೋಮಲ. ಖುಲ್ಲಾ ಇ ಶುದ್ಧ ಗಾಂಧಾರ, ಖುಲ್ಲಾ ಎ ಶುದ್ಧ ಧೈವತ. ಅಡ್ಡ ಬರದೆ ಇನ್ನೇನು. ತೋರುಬೆರಳನ್ನು ಇ ಮತ್ತು ಎ ತಂತಿಗಳ ಮೂರನೇ ಫ್ರೆಟ್ ಮೇಲೆ ಅಡ್ಡ ಮಲಗಿಸಿ: 0-0-3-3. ಈಗ ನಾಲ್ಕು ತಂತಿ ಪ, ಸಾ, ಪ, ತಾರ ಸಾ. ಗಾಂಧಾರವೇ ಇಲ್ಲ, ಆದ್ದರಿಂದ ಯಾವ ಗಾಂಧಾರಕ್ಕೂ ತಕರಾರಿಲ್ಲ. ಆ ಬೆರಳು ಊರಿದಂತೆಯೇ ಎ ತಂತಿಯ 4 ಕೋಮಲ ರೇ, 6 ಕೋಮಲ ಗ; ಇ ತಂತಿಯ 4 ಕೋಮಲ ಧ, 6 ಕೋಮಲ ನಿ. ಆರನೇ ಫ್ರೆಟ್‌ಗೆ ಕಿರುಬೆರಳು. ಪಂಚಮ ಇರುವ ಯಾವ ರಾಗಕ್ಕೂ ಈ 0-0-3-3 ನಡೆಯುತ್ತದೆ. ಇದೊಂದನ್ನು ಕಲಿತರೆ ಅರ್ಧ ಕೆಲಸ ಆದಂತೆ.

ಮಾಲಕಂಸದಲ್ಲಿ ಪಂಚಮವೇ ಇಲ್ಲ. ನೀವು ಜಿ ಮೀಟಿದಷ್ಟು ಸಲವೂ ರಾಗ ಕೆಡುತ್ತದೆ. ತಂಬೂರಿಯಲ್ಲಿ ಮಾಡುವಂತೆ ಇಲ್ಲಿಯೂ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿ, ಅಂದರೆ ಜಿ ತಂತಿಯನ್ನು ಎಫ್‌ಗೆ. ಎಡಗೈ 0-0-1-3. ಅದು ಮ, ಸಾ, ಮ, ಸಾ. ಎ ತಂತಿಯ 6 ಕೋಮಲ ಗ, 8 ಮ. ಇ ತಂತಿಯ 4 ಕೋಮಲ ಧ, 6 ಕೋಮಲ ನಿ.

ಪ್ರಶ್ನೆ: ಮೀರಜದಾಗ ತಂಬೂರಿಗೆ ದಾರ ಸಿಗಿಸಿ ಜವಾರಿ ತಗೀತಾರಲ್ರಿ, ಹಂಗ ಯುಕುಲೆಲೆಗೂ ದಾರ ಹಾಕಬಹುದೇನು?
— ಅಥಣಿ

ಉತ್ತರ: ಆಗುವುದಿಲ್ಲ. ತಂಬೂರಿಯ ಬ್ರಿಜ್ ಅಗಲ, ಬೆನ್ನು ಸ್ವಲ್ಪ ಬಾಗಿದ್ದು. ಲೋಹದ ತಂತಿ ಅದರ ಮೇಲೆ ಸವರಿಕೊಂಡು ಹೋಗುವಂತೆ ದಾರ ಎತ್ತಿ ಹಿಡಿಯುತ್ತದೆ. ಜವಾರಿ ಎಂಬ ಝೇಂಕಾರ ಹುಟ್ಟುವುದು ಆ ಸವರಿಕೆಯಿಂದ. ಯುಕುಲೆಲೆಯ ಸ್ಯಾಡಲ್ ತೆಳ್ಳಗಿನ ಒಂದು ಪಟ್ಟಿ, ತಂತಿ ನೈಲಾನ್. ದಾರ ಹಾಕಿದರೆ ನಾದ ಸಾಯುತ್ತದೆ, ಅಷ್ಟೇ.

ಪ್ರಶ್ನೆ: ಬ್ಯಾಂಜೊದವರ ಹಾಗೆ ಉಗುರಿನಿಂದ ಹೊಡೆದು ಹೆಬ್ಬೆರಳಿನಿಂದ ಮೀಟುವ ಕ್ಲಾಹ್ಯಾಮರ್ ಕಲಿಯುತ್ತಿದ್ದೇನೆ. ನಿಧಾನಕ್ಕೆ ಬರುತ್ತದೆ, ವೇಗ ಹೆಚ್ಚಿಸಿದರೆ ಹೆಬ್ಬೆರಳು ಹಿಂದೆ ಬೀಳುತ್ತದೆ.
— ಬೈಲಹೊಂಗಲ

ಉತ್ತರ: ಹೆಬ್ಬೆರಳನ್ನು ನೀವು ಪ್ರತ್ಯೇಕ ಪೆಟ್ಟಾಗಿ ಎಣಿಸುತ್ತಿದ್ದೀರಿ. ಈ ನಡೆಯಲ್ಲಿ ಕೈ ಇಳಿಯುವುದು ಎರಡೇ ಸಲ. ಮೊದಲ ಇಳಿತದಲ್ಲಿ ತೋರುಬೆರಳಿನ ಉಗುರಿನ ಬೆನ್ನು ಹಾಡಿನ ತಂತಿಗೆ ಬೀಳುತ್ತದೆ. ಎರಡನೇ ಇಳಿತದಲ್ಲಿ ಅದೇ ಉಗುರು ಕೆಳಗಿನ ಎರಡು ಮೂರು ತಂತಿ ಸವರುತ್ತದೆ, ಅದೇ ಗಳಿಗೆಗೆ ಹೆಬ್ಬೆರಳು ಜಿ ತಂತಿಯ ಮೇಲೆ ಬಂದು ಕೂರುತ್ತದೆ. ಕೈ ಮೇಲೇಳುವಾಗ ಆ ಹೆಬ್ಬೆರಳು ತಾನಾಗಿಯೇ ಜಿಯನ್ನು ಎಳೆದುಬಿಡುತ್ತದೆ. ಮೊದಲ ಪೆಟ್ಟಿಗೆ ಒಂದು ಮಾತ್ರೆ, ಸವರಿಕೆಗೆ ಅರ್ಧ, ಹೆಬ್ಬೆರಳಿಗೆ ಅರ್ಧ: ಧಾ, ತಿಟ, ಧಾ, ತಿಟ.

ಸವರುವಾಗ ಹೆಬ್ಬೆರಳು ಗಾಳಿಯಲ್ಲಿದ್ದರೆ, ಆಮೇಲೆ ಜಿಯನ್ನು ಹುಡುಕಿಕೊಂಡು ಬರಬೇಕು. ವೇಗದಲ್ಲಿ ಅದಕ್ಕೆ ಸಮಯವಿಲ್ಲ, ಹಿಂದೆ ಬೀಳುವುದು ಅದಕ್ಕೇ. ಜಿಯನ್ನು ಮೀಟದೆ, ಬರೀ ಸವರಿ ಹೆಬ್ಬೆರಳು ಕೂರಿಸಿ ನಿಲ್ಲಿಸುವುದನ್ನು ಮೊದಲು ರೂಢಿಸಿ. ಕೂತಿದೆಯೇ ಎಂದು ಕಣ್ಣಿನಿಂದ ನೋಡಿಕೊಳ್ಳಿ. ಅದು ತಪ್ಪದಾದ ಮೇಲೆ ಮೀಟು ಸೇರಿಸಿ, 60ರಿಂದ ಐದೈದೇ ಏರಿಸಿ. ಬೆರಳು ಬಿಚ್ಚಿ ಮುಚ್ಚಬಾರದು, ಚಲನೆಯೆಲ್ಲ ಮಣಿಕಟ್ಟಿನದು. ಮುಷ್ಟಿ ಅರ್ಧ ಮಡಚಿದಂತೆಯೇ ಇರಲಿ. ಉಗುರು ಬೆರಳ ತುದಿಗಿಂತ ಒಂದೆರಡು ಮಿಲಿಮೀಟರ್ ಮುಂದಿದ್ದರೆ ಸಾಕು. ಹೊಡೆಯುವ ಜಾಗ ಕುತ್ತಿಗೆ ಮೈಗೆ ಕೂಡುವಲ್ಲಿ. ರಂಧ್ರದ ಮೇಲೆ ಹೊಡೆದರೆ ಉಗುರು ಮರಕ್ಕೆ ತಾಗಿ ಟಕಟಕ ಎನ್ನುತ್ತದೆ.

ಪ್ರಶ್ನೆ: ಶ್ರುತಿಯೇ ಜೋರಾಗಿ ಕೇಳಿ ಹಾಡಿನ ಸ್ವರ ಮುಚ್ಚಿಹೋಗುತ್ತದೆ. ಮಂಡಳಿಯಲ್ಲಿ ತಾಳ, ಢೋಲಕ್ ನಡುವೆ ಏನೂ ಕೇಳಿಸುವುದೇ ಇಲ್ಲ.
— ಚಿಕ್ಕೋಡಿ

ಉತ್ತರ: ಖುಲ್ಲಾ ತಂತಿ ಒತ್ತಿದ ತಂತಿಗಿಂತ ಹೆಚ್ಚು ಹೊತ್ತು ಮೊಳಗುತ್ತದೆ, ಅದು ಸಹಜ. ಜಿ, ಸಿಗೆ ಹೆಬ್ಬೆರಳಿನ ಮಾಂಸ, ಎ ತಂತಿಗೆ ಉಗುರು ಬಳಸಿ. ಅಷ್ಟರಲ್ಲೇ ತೂಕ ಸರಿಹೋಗುತ್ತದೆ. ಮಂಡಳಿಯಲ್ಲಿ ಮೈಕ್ ಬೇಕೇ ಬೇಕು. ರಂಧ್ರದ ಎದುರು ಹಿಡಿದರೆ ಗುಂಯ್‌ಗುಡುತ್ತದೆ. ಕುತ್ತಿಗೆ ಮೈಗೆ ಸೇರುವ ಜಾಗಕ್ಕೆ ತಿರುಗಿಸಿ 15–20 ಸೆಂಟಿಮೀಟರ್ ದೂರದಲ್ಲಿಡಿ.

ಪ್ರಶ್ನೆ: ಬ್ಯಾಸಗಿಯೊಳಗ ಫ್ರೆಟ್‌ನ ತುದಿ ಬೆರಳಿಗೆ ಚುಚ್ಚಾಕ ಹತ್ತ್ಯಾವ, ಶ್ರುತಿನೂ ದಿನಾ ಜಾರ್ತದ. ಏನ್ ಮಾಡೂದು?
— ಇಂಡಿ

ಉತ್ತರ: ನಿಮ್ಮ ಕಡೆಯ ಒಣ ಬಿಸಿಲಿಗೆ ಫ್ರೆಟ್ ಹಲಗೆ ಒಣಗಿ ಕುಗ್ಗಿದೆ. ಲೋಹ ಕುಗ್ಗುವುದಿಲ್ಲ, ಅದಕ್ಕೇ ತುದಿ ಹೊರಗೆ ಚಾಚಿದೆ. ಗಟ್ಟಿ ಮರದ ವಾದ್ಯವಾದರೆ ಮುಂದಿನ ಹಂತ ಮೇಲ್ಹಲಗೆ ಸೀಳುವುದು, ತಡ ಮಾಡಬೇಡಿ. ಪ್ಲೈ ಹಲಗೆಯದಾದರೆ ಅಷ್ಟು ಭಯವಿಲ್ಲ. ಯಾವುದೆಂದು ತಿಳಿಯಲು ರಂಧ್ರದ ಅಂಚು ನೋಡಿ, ಪದರುಗಳು ಕಂಡರೆ ಪ್ಲೈ. ಪೆಟ್ಟಿಗೆಯೊಳಗೆ ತೇವ ಶೇ 45ರಿಂದ 55 ಇರಬೇಕು. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ನೀರು ಹಿಂಡಿದ ಸ್ಪಂಜಿಟ್ಟು ವಾದ್ಯದ ತಲೆಯ ಕಡೆ ಇಡಿ, ಎರಡು ದಿನಕ್ಕೊಮ್ಮೆ ನೋಡಿ. ಸ್ಪಂಜಿನಿಂದ ನೀರು ತೊಟ್ಟಿಕ್ಕಬಾರದು, ಮರಕ್ಕೆ ತಾಗಬಾರದು. ಗೋಡೆಗೆ ತೂಗುಹಾಕಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಒಂದು ತಾಸೂ ಬಿಡಬೇಡಿ. ಬೆಳಗಾವಿಯ ಮಳೆಗಾಲದಲ್ಲಿ ಇದರ ತಿರುಗುಮುರುಗು: ಮರ ಉಬ್ಬಿ ತಂತಿ ಎತ್ತರವಾಗುತ್ತದೆ, ಅಲ್ಲಿಯವರು ಸ್ಪಂಜು ತೆಗೆದು ಸಿಲಿಕಾ ಜೆಲ್ ಪೊಟ್ಟಣ ಇಡಬೇಕು.

ಚುಚ್ಚುವ ತುದಿಗಳನ್ನು ಈಗಲೇ ಕಾನಸು ಹೊಡೆಸಬೇಡಿ. ಎರಡು ವಾರ ತೇವ ಕೊಟ್ಟ ಮೇಲೂ ಚುಚ್ಚುತ್ತಿದ್ದರೆ ಆಗ ಹೊಡೆಸಿ. ಶ್ರುತಿ ಜಾರುವುದು ತಂತಿ ಹೊಸದಾಗಿರುವುದರಿಂದಲೂ ಇರಬಹುದು: ನೈಲಾನ್ ಎಳೆದುಕೊಂಡು ನೆಲೆಗೊಳ್ಳಲು ಹಲವು ದಿನ ಬೇಕು. 12ನೇ ಫ್ರೆಟ್ ಬಳಿ ಪ್ರತಿ ತಂತಿಯನ್ನು ಮೆಲ್ಲಗೆ ಎತ್ತಿ ಎಳೆದು, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆಯಿರಿ. ಎಳೆದಾಗ ಇಳಿಯುವುದು ನಿಲ್ಲುವವರೆಗೆ.